ಅತ್ತೆಯವರ ಮೊಸರು ಮತ್ತು ಅನಾತ್ಮವಾದ

‘ನಾನು’ ಎಂಬುದೇ ಇಲ್ಲ ಎಂದು ಒಪ್ಪಿಕೊಳ್ಳಲು ನನಗೆ ಎಂದೂ ಕಷ್ಟವಾಗಿರಲಿಲ್ಲ. ಮನೆಯಲ್ಲಿ ನನ್ನ ಮಾತು ನಡೆಯುವ ಚಂದ ನೋಡಿದರೆ ಯಾರಿಗಾದರೂ ಹಾಗೆಯೇ ಅನ್ನಿಸೀತು. ಹಾಗಾಗಿ ಶಿಕಾರಿಪುರದ ಗೆಳೆಯರು, “ಮೇಷ್ಟ್ರೇ, ಬಳ್ಳಿಗಾವಿಯಾಗೆ ಹಿಂದೆ ಬೌದ್ಧರ ವಿಹಾರ ಇತ್ತಂತಲ್ಲ, ಅವರ ತತ್ವದ ಬಗ್ಗೆ ಒಂಚೂರು ಮಾತಾಡ್ರಿ” ಎಂದಾಗ ಹೂಂ ಎಂದುಬಿಟ್ಟೆ. ದೇಹ, ನೋವು ನಲಿವು, ನೆನಪು, ಅರಿವು ಎಲ್ಲವೂ ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಇವುಗಳ ಒಳಗೆ ಬದಲಾಗದ ಆತ್ಮ ಎಂಬುದಿಲ್ಲ ಎಂದು ಊಟದ ತಟ್ಟೆಯ ಪಕ್ಕ ಪುಸ್ತಕವಿಟ್ಟುಕೊಂಡು ಓದುತ್ತ ಮೈಮರೆತೆ. ಅನ್ನದ ಮೇಲೆ ಅನ್ನ ಹಾಕಿಕೊಂಡು, ಬಟ್ಟಲಿನ ಮೊಸರನ್ನೆಲ್ಲ ಬಳಿದು ಉಂಡೆ.

ಅದು ಅತ್ತೆಯವರ ಮೊಸರು. ನನ್ನ ಹೆಂಡತಿ ಸುಮಿತ್ರಾ ಮದುವೆಯಾಗಿ ಸೊರಬದಿಂದ ಬರುವಾಗ ಅವರು ಪುಟ್ಟ ಡಬ್ಬಿಯಲ್ಲಿ ಹೆಪ್ಪು ಕೊಟ್ಟು ಕಳಿಸಿದ್ದರು. ಅಂದಿನಿಂದ ದಿನವೂ ಒಂದು ಚಮಚ ಮೊಸರು ಉಳಿಸಿ, ಅದನ್ನೇ ಹಾಲಿಗೆ ಬೆರೆಸಿ ಮರುದಿನದ ಮೊಸರು ಮಾಡುತ್ತಾಳೆ. ಅತ್ತೆ ತೀರಿಕೊಂಡು ವರ್ಷಗಳಾದವು. “ಅವ್ವಂದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ” ಎನ್ನುತ್ತಿರುತ್ತಾಳೆ. ಕುಬಟೂರಿನಲ್ಲಿರುವ ತಂಗಿಯನ್ನು ನೋಡಲು ಹೋಗುವಾಗ ಅವಳು ನನಗೆ ಒಪ್ಪಿಸಿದ್ದೂ ಆ ಒಂದು ಚಮಚವನ್ನೇ.

ಆ ಚಮಚವನ್ನೂ ಉಂಡುಬಿಟ್ಟಿದ್ದೇನೆ ಎಂದು ತಿಳಿದದ್ದು ಸಂಜೆ ಹಾಲು ಕಾಯಿಸಿ ಖಾಲಿ ಬಟ್ಟಲು ನೋಡಿದಾಗಲೇ. ಪಕ್ಕದ ಮನೆಯ ಗಿರಿಜಕ್ಕನಿಗೆ ಇವಳೇ ಹೆಪ್ಪು ಕೊಟ್ಟಿದ್ದು ಪುಣ್ಯಕ್ಕೆ ನೆನಪಾಗಿ ಓಡಿದೆ.

“ದೀಪ ಹಚ್ಚೀನ್ರಿ ಮೇಷ್ಟ್ರೇ. ಈಗ ಹೆಪ್ಪು ಹೊಸ್ತಿಲು ದಾಟೋ ಹಂಗಿಲ್ಲ” ಎಂದರು ಗಿರಿಜಕ್ಕ. ನನ್ನ ಮುಖ ನೋಡಿ ಕನಿಕರ ಬಂದಿರಬೇಕು. “ಹಾಲನ್ನೇ ಇಲ್ಲಿಗೆ ತಗಂಬರ್ರಿ. ಹೆಪ್ಪು ಹಾಕಿಡ್ತೀನಿ, ಬೆಳಿಗ್ಗೆ ಒಯ್ಯಿರಂತೆ.”

ಹೀಗೆ ನಮ್ಮ ಹಾಲು ಪರರ ಮನೆಯಲ್ಲಿ ರಾತ್ರಿ ಕಳೆಯಿತು. ನನಗಂತೂ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಬಟ್ಟಲು ಹಿಡಿದು ವಾಪಸು ಬರುವಾಗ ಗೇಟಿನ ಬಳಿ ನಿಂತುಬಿಟ್ಟೆ. ಮೊಸರು ಗಟ್ಟಿಯಾಗಿ, ನುಣ್ಣಗೆ ಕುಳಿತಿತ್ತು. ಅತ್ತೆ ಕೊಟ್ಟಿದ್ದರ ಒಂದು ಹನಿಯೂ ಇದರಲ್ಲಿ ಉಳಿದಿರಲಾರದು. ಆ ಎಮ್ಮೆಯಿಲ್ಲ, ಆ ಡಬ್ಬಿಯಿಲ್ಲ, ಹೆಪ್ಪು ಹಾಕಿದ ಆ ಕೈಯೂ ಇಲ್ಲ. ಆದರೂ ಇದು ಬೇರೆ ಮೊಸರು ಎನ್ನಲು ನಾಲಿಗೆ ಏಳದು. ಅದೇ ಅಲ್ಲ, ಬೇರೆಯೂ ಅಲ್ಲ! ಓದುವಾಗ ಬರಿಯ ಮಾತಾಗಿದ್ದುದು ಈಗ ನನ್ನ ಅಂಗೈ ಮೇಲೆ ತಣ್ಣಗೆ ಕುಳಿತಿತ್ತು. ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಸಂಗತಿ ದಿನವೂ ನಮ್ಮ ಅಡುಗೆಮನೆಯಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತಲ್ಲ ಎಂದು ಕಣ್ಣು ತುಂಬಿ ಬಂತು. ಹಾಲಿನವನು ಬಂದು “ಯಾಕ್ರೀ ಸಾರ್, ಹಾಲು ಒಡೀತಾ?” ಎಂದು ಕೇಳಿದ ಮೇಲೆಯೇ ಒಳಗೆ ಹೋದೆ.

ಮಧ್ಯಾಹ್ನ ಸುಮಿತ್ರಾ ಬಂದವಳು ಕೈಕಾಲು ತೊಳೆದು ಊಟಕ್ಕೆ ಕುಳಿತಳು. ಮೊಸರನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿದಳು.

“ಅವ್ವನ ಕೈ ರುಚಿ ಹಂಗೇ ಇದೆ ನೋಡ್ರಿ” ಎಂದಳು ಮೆಲ್ಲಗೆ. ಆಮೇಲೆ ಅನುಮಾನದಿಂದ ನನ್ನತ್ತ ತಿರುಗಿ, “ಯಾರು ಹೆಪ್ಪು ಹಾಕಿದ್ದು?” ಎಂದಳು.

ಅನಾತ್ಮವಾದದ ಉಪನ್ಯಾಸ ಜೇಬಿನಲ್ಲಿಟ್ಟುಕೊಂಡಿದ್ದ ಈ ಪಂಡಿತ ಒಂದು ಕ್ಷಣವೂ ಯೋಚಿಸಲಿಲ್ಲ. ಎದೆಯುಬ್ಬಿಸಿ ಹೇಳಿದೆ:

“ಮತ್ತ್ಯಾರು? ನಾನೇ!”