ಕಂಪ್ಯೂಟರಿಗೆ ಪ್ರಸಾದ ಕೇಳಿದ್ದು

ನಾನು ಗಟ್ಟಿ ನಿರ್ಧಾರದ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಹೊಸನಗರದ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರೂ ತಾಲ್ಲೂಕಿನ ಮದುಮಕ್ಕಳಿಗೆ "ಸ್ವಲ್ಪ ಈ ಕಡೆ ನೋಡಿ, ನಗಿ" ಎಂದು ಹೇಳಿ ಹೇಳಿ ಒರಟಾದ ಗಂಟಲು ನನ್ನದು. ಮದುವೆಯ ವಿಡಿಯೋ ತೆಗೆಯುವುದು, ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವುದು ಎಲ್ಲವೂ ನಾನೇ.

ಈ ಕತ್ತರಿಸುವ ಕೆಲಸಕ್ಕೆ ನನ್ನ ಹತ್ತಿರ ಒಂದು ಹಳೆಯ ಕಂಪ್ಯೂಟರ್ ಇತ್ತು. ಬೆಳಿಗ್ಗೆ ಸ್ವಿಚ್ ಒತ್ತಿ ಸ್ನಾನಕ್ಕೆ ಹೋಗಿ, ತಿಂಡಿ ತಿಂದು, ಪೇಪರ್ ಓದಿ ಬಂದರೆ ಅದು ಎದ್ದು ಕೂತಿರುತ್ತಿತ್ತು. ಮದುವೆಯ ವಿಡಿಯೋ ಕೊಡಲು ಹೋದ ಮನೆಯಲ್ಲೇ ಮಗುವಿನ ನಾಮಕರಣದ ಬುಕಿಂಗೂ ಸಿಗುತ್ತಿತ್ತು. ವ್ಯಾಪಾರದ ದೃಷ್ಟಿಯಿಂದ ಇದು ಒಳ್ಳೆಯದೇ ಎಂದು ನಾನು ವಾದಿಸುತ್ತಿದ್ದೆ. ಹೆಂಡತಿ ವಿನುತ ಮಾತ್ರ ಒಪ್ಪುತ್ತಿರಲಿಲ್ಲ. "ಹಂಗೇ ಬಿಟ್ರೆ ಮಗು ಮದುವೆಗೂ ನೀವೇ ಹೋಗ್ಬೋದು ಬಿಡಿ" ಎನ್ನುತ್ತಿದ್ದಳು.

ಹೀಗಿರುವಾಗ ಬೇಸಿಗೆಯಲ್ಲಿ ಅಶ್ವಿನಿಯ ಮದುವೆಯಾಯಿತು. ತೀರ್ಥಹಳ್ಳಿ ಕಡೆಯ ಹುಡುಗಿ, ಅಪ್ಪ ಅಮ್ಮನಿಗಿಂತ ಅಜ್ಜಿಯ ಕೈಯಲ್ಲೇ ಹೆಚ್ಚು ಬೆಳೆದವಳು. ಆ ಅಜ್ಜಿ, ಕಾವೇರಮ್ಮ, ಮದುವೆಯ ಹಿಂದಿನ ದಿನ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಇಲ್ಲಿ ಛತ್ರದಲ್ಲಿ ಧಾರೆ ನಡೆಯುವಾಗ ಅವರು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿದ್ದರು. ಮೊಮ್ಮಗಳ ಮದುವೆಯನ್ನು ಅಜ್ಜಿ ನೋಡಲೇ ಇಲ್ಲ.

ಮದುವೆಯಾಗಿ ಸ್ವಲ್ಪ ದಿನಕ್ಕೆ ಅಶ್ವಿನಿ ಫೋನ್ ಮಾಡಿದಳು.

"ಅಣ್ಣ, ದೊಡ್ಡಹಬ್ಬಕ್ಕೆ ನಾವಿಬ್ರೂ ಅಪ್ಪನ ಮನೆಗೆ ಬರ್ತೀವಿ. ಅವತ್ತು ಅಜ್ಜಿ ಪಕ್ಕ ಕೂತ್ಕೊಂಡು ವಿಡಿಯೋ ತೋರಿಸ್ಬೇಕು. ಅಜ್ಜಿ ದಿನಾ 'ಮದುವೆ ಫಿಲಮ್ ಬಂತಾ' ಅಂತ ಕೇಳ್ತಿದಾರಂತೆ. ಆಗತ್ತಲ್ವಾ?"

ನಮ್ಮ ಕಡೆ ದೀಪಾವಳಿಗೆ ದೊಡ್ಡಹಬ್ಬ ಎನ್ನುತ್ತೇವೆ. ಮದುವೆಯಾದ ಮೊದಲ ದೊಡ್ಡಹಬ್ಬಕ್ಕೆ ಹೊಸ ಅಳಿಯ ಮಾವನ ಮನೆಗೆ ಬರಲೇಬೇಕು. ಅದಕ್ಕೆ ಇನ್ನೂ ತಿಂಗಳುಗಟ್ಟಲೆ ಸಮಯವಿತ್ತು. "ಅಯ್ಯೋ, ಇದೊಂದು ಕೆಲಸವಾ? ಆಗಿಹೋಯ್ತು ಅಂದ್ಕೋ!" ಎಂದೆ. ಅಷ್ಟು ನಿರಾಳವಾಗಿ ನಾನು ಆಮೇಲೆ ಯಾವತ್ತೂ ಮಾತಾಡಿಲ್ಲ.

ಕೆಲಸ ಶುರು ಮಾಡಿದೆ. ಅರಿಶಿನ ಶಾಸ್ತ್ರದವರೆಗೆ ಬಂದಿದ್ದೆ. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ಸುದ್ದಿ ಕಣ್ಣಿಗೆ ಬಿತ್ತು. ಹೊಸ ಡೆಸ್ಕ್‌ಟಾಪ್ ಒಂದು ಬಿಡುಗಡೆಯಾಗಿದೆ! ನನ್ನ ಕಂಪ್ಯೂಟರ್ ವಾರವಿಡೀ ತೆವಳುವ ಕೆಲಸವನ್ನು ಅದು ಕಾಫಿ ಕುಡಿದು ಮುಗಿಸುವುದರೊಳಗೆ ಮಾಡುತ್ತದಂತೆ. ಅದನ್ನು ಓದಿದ ಮೇಲೆ ಹಳೆಯದರ ಮುಂದೆ ಕೂರಲು ಮನಸ್ಸಾದರೂ ಹೇಗೆ ಬರಬೇಕು? ಹೊಸದು ಬಂದ ಮೇಲೆ ಒಂದೇ ದಿನದಲ್ಲಿ ಮುಗಿಯುವ ಕೆಲಸಕ್ಕೆ ಈಗ ಯಾಕೆ ಬೆನ್ನು ನೋಯಿಸಿಕೊಳ್ಳಬೇಕು? ಅಶ್ವಿನಿಯನ್ನು ಅರಿಶಿನದಲ್ಲೇ ಕೂರಿಸಿ ನಾನು ಎದ್ದೆ.

ತಗೊಳ್ಳಬೇಕೋ ಬೇಡವೋ ಎಂಬ ಅಧ್ಯಯನ ಅಲ್ಲಿಂದ ಶುರುವಾಯಿತು. ಸಾಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳೆಯ ಮಂಜುನಾಥನ ಹತ್ತಿರ ಹೋದೆ.

"ಕಣ್ಮುಚ್ಚಿ ತಗೋ ಮಾರಾಯ" ಎಂದ.

ನಾನು ಕಣ್ಣು ಮುಚ್ಚುವವನಲ್ಲ. ಮನೆಗೆ ಬಂದು ಅದರ ಬಗ್ಗೆ ಇದ್ದ ವಿಡಿಯೋಗಳನ್ನೆಲ್ಲ ನೋಡಿದೆ. ಒಬ್ಬ ಇದರಂಥ ಯಂತ್ರ ಇನ್ನೊಂದಿಲ್ಲ ಎಂದ. ಇನ್ನೊಬ್ಬ ತಗೊಂಡರೆ ಕೆಟ್ಟಿರಿ ಎಂದ. ಮೂರನೆಯವನು ಇದಕ್ಕಿಂತ ಒಳ್ಳೆಯದು ಸದ್ಯದಲ್ಲೇ ಬರಲಿದೆ, ಕಾಯಿರಿ ಎಂದ. ಮೂವರೂ ಹೇಳಿದ್ದು ಸರಿ ಅನ್ನಿಸಿತು. ಮತ್ತೆ ಸಾಗರಕ್ಕೆ ಹೋದೆ.

"ಹಬ್ಬದ ಆಫರ್ ಬರ್ಲಿ, ಕಾಯಿ ಹಂಗಾದ್ರೆ" ಎಂದ ಮಂಜುನಾಥ.

"ಹೋದ ವಾರ ಕಣ್ಮುಚ್ಚಿ ತಗೋ ಅಂದಿದ್ಯಲ್ಲ?"

"ನೀ ಮುಚ್ಲಿಲ್ವಲ್ಲ!"

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು, ಎದ್ದರೂ ಅದೇ ಮಾತು. ಒಂದು ದಿನ ಸಾರು ಬಡಿಸುತ್ತಾ ವಿನುತ ಕೇಳಿದಳು.

"ಅಲ್ಲಾ, ನನ್ನ ನೋಡೋಕೆ ಬಂದಾಗ್ಲೂ ಇಷ್ಟೊಂದು ಯೋಚ್ನೆ ಮಾಡಿದ್ರಾ?"

"ಆಗ ಹೊಸ ಮಾಡೆಲ್ ಬರುತ್ತೆ ಅಂತ ಯಾರೂ ಹೇಳಿರ್ಲಿಲ್ಲ" ಎಂದೆ.

ಅವತ್ತು ಸಾರಿನ ನಂತರ ಮಜ್ಜಿಗೆ ಬರಲಿಲ್ಲ. ನಾನೂ ಕೇಳಲಿಲ್ಲ.

ಶ್ರಾವಣ ಬಂತು. ಅಶ್ವಿನಿಯ ಫೋನೂ ಬಂತು. "ಎಲ್ಲೀವರೆಗೆ ಬಂತು ಅಣ್ಣ?" "ಅರಿಶಿನ ಆಗ್ತಾ ಇದೆ ತಂಗಿ." ಮರುವಾರವೂ ಅರಿಶಿನವೇ ಆಗುತ್ತಿತ್ತು. ಈ ಮಾತು ಕಿವಿಗೆ ಬಿದ್ದ ವಿನುತಳಿಗೆ ರೇಗಿತು.

"ಆ ಮುದುಕಿ ಅಲ್ಲಿ ಹಾಸಿಗೆ ಮೇಲೆ ಕಾಯ್ತಿದೆ. ನೀವಿಲ್ಲಿ ಬೇಕಾ ಬೇಡ್ವಾ ಅಂತ ಲೆಕ್ಕ ಹಾಕ್ತಾ ಕೂತಿದೀರಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೋಗಿ ದೇವರ ಹತ್ರ ಪ್ರಸಾದನಾದ್ರೂ ಕೇಳ್ಕೊಂಡು ಬನ್ನಿ!"

ಅವಳು ಹೇಳಿದ್ದು ಸಿಟ್ಟಿನಲ್ಲಿ. ನನಗೆ ಅದು ಸಲಹೆಯಾಗಿ ಕೇಳಿಸಿತು.

ಪ್ರಸಾದ ಕೇಳುವುದು ನಮ್ಮಲ್ಲಿ ಮೊದಲಿಂದ ಬಂದ ರೂಢಿ. ಭಟ್ಟರು ದೇವರ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕೈಮುಗಿದು ಕೂರಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಆಗಬಹುದು ಎಂದು ಅರ್ಥ, ಎಡಗಡೆಯದು ಬಿದ್ದರೆ ಬೇಡ ಎಂದು. ಸಂಬಂಧ ಕೂಡಿಸುವಾಗ, ಬಾವಿ ತೆಗೆಸುವಾಗ, ದನ ಕಳೆದುಹೋದಾಗ ಜನ ಕೇಳುತ್ತಾರೆ. ಡೆಸ್ಕ್‌ಟಾಪಿಗೆ ಕೇಳಿದವರಲ್ಲಿ ಬಹುಶಃ ನಾನೇ ಮೊದಲಿಗ.

ಮರುದಿನ ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋದೆ. ನನ್ನ ಹಿಂದೆ ಎಮ್ಮೆ ಕಳೆದುಕೊಂಡ ಒಬ್ಬ ಹೆಂಗಸು ಕಾಯುತ್ತಾ ಕೂತಿದ್ದರು. ಭಟ್ಟರು ಹೂವು ಅಂಟಿಸಿ, "ಎಂತ ವಿಷ್ಯ?" ಎಂದರು.

"ಹೊಸ ಕಂಪ್ಯೂಟರ್ ತಗೊಳ್ಳಬಹುದಾ ಅಂತ."

ಭಟ್ಟರು ನನ್ನನ್ನೊಮ್ಮೆ ನೋಡಿದರು, ದೇವರನ್ನೊಮ್ಮೆ ನೋಡಿದರು. ಗಂಟೆ ಬಾರಿಸಿದರು. ನಾನು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಬಲಗಡೆಯ ಹೂವು ಬಿದ್ದೇಬಿಟ್ಟಿತು!

"ಬಲಕ್ಕಾಯ್ತು. ಚಿಂತೆ ಬೇಡ, ತಗೊಳ್ಳಿ" ಎಂದರು ಭಟ್ಟರು.

ಬುದ್ಧಿ ಇದ್ದವನು ಅಲ್ಲಿಂದಲೇ ಎದ್ದು ಸಾಗರದ ಬಸ್ಸು ಹತ್ತುತ್ತಿದ್ದ. ನಾನು ಕೂತೇ ಇದ್ದೆ.

"ಭಟ್ರೇ, ತಗೊಳ್ಳೋದು ಸರಿ. ಈಗ ಬಂದಿರೋದಾ, ಮುಂದೆ ಬರೋದಾ ಅಂತ ಒಂದು ಕೇಳ್ಬಹುದಾ?"

ಕೇಳಿದರು. ಈಗಿನದ್ದೇ ಎಂದಾಯಿತು. ಮೆಮೊರಿ ಸಾಮಾನ್ಯದ್ದು ಸಾಕಾ, ದೊಡ್ಡದು ಬೇಕಾ ಎಂದು ಕೇಳಿಸಿದೆ. ದೊಡ್ಡದು ಎಂದಾಯಿತು. ಪರದೆ ಬಾಗಿದ್ದಾ, ಚಪ್ಪಟೆಯದ್ದಾ ಎಂದು ಬಾಯಿ ತೆರೆದೆ. ಹಿಂದಿನಿಂದ ಎಮ್ಮೆಯ ಹೆಂಗಸು ಗೊಣಗಿದರು.

"ನಂಗೂ ಒಂದು ಹೂವು ಬಿಡಿ ಮಾರಾಯ್ರೆ. ನಂದು ಒಂದೇ ಎಮ್ಮೆ, ಕಳ್ದಿರೋದು."

"ಕಡೇದೊಂದು ಅಮ್ಮ" ಎಂದು ಕೈಮುಗಿದು, ಬಾಗಿದ ಪರದೆಯ ಮಾತು ಬಿಟ್ಟು, ಈಗಲೇ ತರಲಾ ಎಂದು ಕೇಳಿದೆ. ಭಟ್ಟರು ಗಂಟೆ ಬಾರಿಸಿದರು. ಕಾದೆವು. ಹೂವು ಬೀಳಲಿಲ್ಲ. ಭಟ್ಟರು ಮತ್ತೆ ಬಾರಿಸಿದರು. ಎಡದ್ದೂ ಇಲ್ಲ, ಬಲದ್ದೂ ಇಲ್ಲ. ದೇವರನ್ನೂ ನನ್ನ ಹಾಗೆ ಮಾಡಿಬಿಟ್ಟಿದ್ದೆ!

"ಇನ್ನೂ ಕಾಲ ಬಂದಿಲ್ಲ ಅಂತ ಕಾಣುತ್ತೆ. ಈಗ ಏಳಿ ನೀವು" ಎಂದರು ಭಟ್ಟರು. ಕಾಲ ಬಂದಿಲ್ಲ ಎಂಬುದನ್ನು ನಾನು ಭಕ್ತಿಯಿಂದ ತಲೆಯ ಮೇಲೆ ಹೊತ್ತು ಮನೆಗೆ ತಂದೆ. ಏಳಿ ಎಂಬುದನ್ನು ಅಲ್ಲೇ ಬಿಟ್ಟು ಬಂದೆ.

ಕಾಲ ಬರಲಿ ಎಂದು ಕಾದೆ. ಚೌತಿ ಕಳೆಯಿತು, ಅಶ್ವಿನಿಯ ಅರಿಶಿನ ಮುಗಿಯಲಿಲ್ಲ. ದಸರಾ ಹತ್ತಿರ ಬಂದಾಗ ಮಂಜುನಾಥ ತಾನೇ ಫೋನ್ ಮಾಡಿದ. ಹಳೆಯದನ್ನು ಕೊಟ್ಟರೆ ಹೊಸದಕ್ಕೆ ಒಳ್ಳೆಯ ರಿಯಾಯಿತಿ ಇದೆಯಂತೆ. ಇದೇ ಕಾಲ ಎಂದುಕೊಂಡೆ. ಇಷ್ಟು ತಿಂಗಳು ಯೋಚಿಸಿದವನು ಆ ದಿನ ಒಂದು ಕ್ಷಣವೂ ಯೋಚಿಸದೆ ಹಳೆಯದನ್ನು ಹೊತ್ತು ಸಾಗರಕ್ಕೆ ಹೋದೆ. ಫೈಲುಗಳನ್ನೆಲ್ಲ ಮೊದಲೇ ಜಾಗ್ರತೆಯಾಗಿ ಡಿಸ್ಕಿಗೆ ಹಾಕಿಕೊಂಡಿದ್ದೆ. ಅಷ್ಟು ಬುದ್ಧಿ ಇತ್ತು.

ಆಯುಧಪೂಜೆಗೆ ಹೊಸ ಕಂಪ್ಯೂಟರಿಗೆ ಸೇವಂತಿಗೆ ಹಾರ ಹಾಕಿ, ಕುಂಕುಮ ಇಟ್ಟು, ಕಾಯಿ ಒಡೆದೆವು. ವಿಜಯದಶಮಿಯ ದಿನ ಸ್ವಿಚ್ ಒತ್ತಿ, ಅಭ್ಯಾಸಬಲದಿಂದ ಸ್ನಾನಕ್ಕೆ ಹೊರಟೆ. ಟವೆಲ್ ಹೆಗಲಿಗೆ ಹಾಕುವಷ್ಟರಲ್ಲಿ ಅದು ಎದ್ದು ಕೂತಿತ್ತು. ಸಂತೋಷದಿಂದ ಕುಣಿಯುವುದೊಂದು ಬಾಕಿ!

ಆಮೇಲೆ ಅಶ್ವಿನಿಯ ಫೈಲ್ ತೆರೆಯಲು ಹೋದೆ. ತೆರೆಯಲಿಲ್ಲ. ನನ್ನ ಹಳೆಯ ಎಡಿಟಿಂಗ್ ಸಾಫ್ಟ್‌ವೇರ್ ಈ ಹೊಸ ಯಂತ್ರದಲ್ಲಿ ನಡೆಯುವುದೇ ಇಲ್ಲವಂತೆ. ಹೊಸ ಸಾಫ್ಟ್‌ವೇರ್ ಹಾಕಿದೆ. ಅದು ನನ್ನ ಹಳೆಯ ಕೆಲಸವನ್ನು ಗುರುತೇ ಹಿಡಿಯಲಿಲ್ಲ. ಮಂಜುನಾಥನಿಗೆ ಫೋನ್ ಮಾಡಿದೆ.

"ಮಾರಾಯ, ನನ್ನ ಹಳೇದು ವಾಪಸ್ ಕೊಡೋ!"

"ಅದು ಅವತ್ತೇ ಹೋಯ್ತಲ್ಲೋ. ಬಿಚ್ಚಿ ಪಾರ್ಟ್ಸ್ ಮಾಡಿ ಆಯ್ತು."

ಕ್ಯಾಮೆರಾದಲ್ಲಿ ತೆಗೆದಿದ್ದು ಪೂರ್ತಿ ಇತ್ತು, ಪುಣ್ಯ. ಆದರೆ ಕತ್ತರಿಸುವುದು, ಜೋಡಿಸುವುದು ಎಲ್ಲ ಮೊದಲಿಂದ. ಹೊಸ ಸಾಫ್ಟ್‌ವೇರಿನಲ್ಲಿ ಕತ್ತರಿ ಎಲ್ಲಿದೆ ಎಂದು ಹುಡುಕಲೇ ದಿನ ಹಿಡಿಯಿತು. ದೊಡ್ಡಹಬ್ಬ ಬಂದಾಗ ನನ್ನ ಹತ್ತಿರ ತಯಾರಿದ್ದದ್ದು ಹೆಸರು ಬರುವ ಆರಂಭದ ತುಣುಕು ಮಾತ್ರ. ಅದು ಭರ್ಜರಿಯಾಗಿತ್ತು ಎನ್ನುವುದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ.

ಹಬ್ಬದ ದಿನ ಇಡೀ ಕಂಪ್ಯೂಟರನ್ನೇ ಬಾಡಿಗೆ ಓಮ್ನಿಯಲ್ಲಿ ಇಟ್ಟುಕೊಂಡು ವಿನುತಳ ಜೊತೆ ತೀರ್ಥಹಳ್ಳಿ ಕಡೆ ಹೊರಟೆ. ಪರದೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ ಅವಳು ರಸ್ತೆಯ ಗುಂಡಿಗೊಮ್ಮೆ ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡುತ್ತಿದ್ದಳು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಕಾವೇರಮ್ಮನಿಗೆ ಹೊಸ ಸೀರೆ ಉಡಿಸಿ, ದಿಂಬು ಕೊಟ್ಟು, ಜಗಲಿಯ ಮಂಚದ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಅಶ್ವಿನಿ, ಆಚೆ ಹೊಸ ಅಳಿಯ. ಮನೆಯವರೆಲ್ಲ ಕೆಳಗೆ ಚಾಪೆಯ ಮೇಲೆ. ನಾನು ವೈರುಗಳನ್ನೆಲ್ಲ ಜೋಡಿಸಿ ಶುರು ಮಾಡಿದೆ. ದೊಡ್ಡದೊಂದು ಗುಲಾಬಿ ಅರಳಿತು. ಅದರೊಳಗಿಂದ ವಧೂವರರು ಗಿರಗಿರ ತಿರುಗುತ್ತಾ ಮೇಲೆದ್ದು ಮೋಡದೊಳಗೆ ಹಾರಿದರು.

"ಇವ್ರು ಎಂತಕೆ ಹಂಗೆ ತಿರುಗ್ತಾರೆ? ತಲೆ ಸುತ್ತಲ್ವನೇ ಅಶ್ವಿನಿ?" ಎಂದರು ಅಜ್ಜಿ.

ಅಷ್ಟಕ್ಕೇ ತುಣುಕು ಮುಗಿಯಿತು. ಪರದೆ ಕಪ್ಪಾಯಿತು. "ಮುಂದೆ?" ಎಂದರು ಅಜ್ಜಿ. ಮುಂದೆ ಇಲ್ಲ ಎಂದು ಹೇಳಿದೆ. ಅಶ್ವಿನಿ ಅಜ್ಜಿಯ ಕೈ ಹಿಡಿದುಕೊಂಡು ತಲೆ ಬಗ್ಗಿಸಿದಳು. ಬೇರೇನೂ ತೋಚದೆ, ಕ್ಯಾಮೆರಾದಲ್ಲಿ ತೆಗೆದದ್ದನ್ನು ಇದ್ದ ಹಾಗೆಯೇ ಹಾಕಿದೆ.

ಛತ್ರದ ಬಾಗಿಲು ಬಂತು. ಅಡಿಗೆಯವರು ಜಗಳವಾಡುವುದು ಬಂತು. ಪುರೋಹಿತರು ಆಕಳಿಸುವುದು ಬಂತು. ಯಾರೋ ಹೋಳಿಗೆಯನ್ನು ಚೀಲಕ್ಕೆ ಸೇರಿಸುವುದೂ ಬಂತು. ನಾನು ಕತ್ತರಿಸಿ ಎಸೆಯಬೇಕೆಂದಿದ್ದದ್ದೆಲ್ಲ ಮೆರವಣಿಗೆ ಬಂದ ಹಾಗೆ ಬರುತ್ತಿತ್ತು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಅಜ್ಜಿ ಮಾತ್ರ ದಿಂಬು ಬಿಟ್ಟು ಮುಂದೆ ಬಾಗಿದ್ದರು.

"ಅಯ್ಯೋ ನೋಡ್ರೇ, ನನ್ನ ತಂಗಿ ನನ್ನ ಸೀರೆನೇ ಉಟ್ಟಿದಾಳೆ! ಕೇಳಿದ್ರೆ ಇಲ್ಲ ಅಂದಿದ್ಲು!"

ಜಗಲಿಯೆಲ್ಲ ಗೊಳ್ಳೆಂದಿತು. ಆಮೇಲೆ ಧಾರೆಯ ಹೊತ್ತು ಬಂತು. ಪರದೆಯ ಮೇಲೆ ಅಶ್ವಿನಿ ಮಂಟಪದಲ್ಲಿ ನಿಂತು ಆಚೆ ಈಚೆ ಹುಡುಕುತ್ತಾ, ಕಾಡಿಗೆ ಇಳಿಯುವ ಹಾಗೆ ಅಳುತ್ತಾ, "ಅಜ್ಜಿ ಇರ್ಬೇಕಿತ್ತು" ಎನ್ನುತ್ತಿದ್ದಳು. ಮುಖ ಕೆಟ್ಟು ಕಾಣುತ್ತದೆ, ಕತ್ತರಿಸಬೇಕು ಎಂದು ತೆಗೆಯುವಾಗಲೇ ನಾನು ಎಣಿಸಿದ್ದ ಜಾಗ ಅದು.

ಅಜ್ಜಿ ಮೊಮ್ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಅದನ್ನ ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಮತ್ತೊಂದು ಸಲವೂ ಹಾಕಿಸಿದರು.

ಎಲ್ಲ ಮುಗಿದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದರು.

"ಇದು ಯಾವತ್ತಿಗೆ ರೆಡಿ ಆಗಿತ್ತು?"

"ಮದುವೆ ದಿನಾನೇ, ಅಜ್ಜಿ."

"ಮತ್ತೆ ಇಷ್ಟು ದಿನ ಎಂತ ಮಾಡ್ತಿದ್ದೆ?"

"ಹೊಸ ಕಂಪ್ಯೂಟರ್ ತಗೊಳ್ಳಾದಾ ಬೇಡ್ವಾ ಅಂತ ಯೋಚ್ನೆ ಮಾಡ್ತಿದ್ದೆ."

"ತಗೊಂಡ್ಯಾ?"

"ತಗೊಂಡೆ."

"ಎಂತಕೆ?"

ನಾನು ವಿನುತಳ ಕಡೆ ನೋಡಿದೆ. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಆ ಗೋಡೆಯ ಮೇಲೆ ದೊಡ್ಡದೊಂದು ಟೀವಿ ಇತ್ತು. ಕ್ಯಾಮೆರಾದಿಂದ ಒಂದು ವೈರು ಎಳೆದು ಅದಕ್ಕೆ ಚುಚ್ಚಿದ್ದರೆ ಮದುವೆಯ ಮರುವಾರವೇ ಅಜ್ಜಿ ಇದೆಲ್ಲ ನೋಡಿರುತ್ತಿದ್ದರು. ಹೊಸ ಕಂಪ್ಯೂಟರೂ ಬೇಕಿರಲಿಲ್ಲ, ಹಳೆಯದೂ ಬೇಕಿರಲಿಲ್ಲ.

ಊಟ ಮಾಡಿ ಹೊರಡುವಾಗ ಅಶ್ವಿನಿ ಓಮ್ನಿಯವರೆಗೆ ಬಂದಳು. "ಅಣ್ಣ, ಎಡಿಟ್ ಗಿಡಿಟ್ ಮಾಡಕ್ಕೆ ಹೋಗ್ಬೇಡಿ. ಇದನ್ನೇ ಹಿಂಗೇ ಕೊಟ್ಬಿಡಿ. ನೀವು ಏನೂ ಮಾಡ್ದೇ ಇದ್ರೆ ಸಾಕು" ಎಂದಳು.

ಏನೂ ಮಾಡದೇ ಇರುವುದಕ್ಕೆ ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಆರ್ಡರ್ ಇದು. ಧೈರ್ಯವಾಗಿ ಒಪ್ಪಿಕೊಂಡೆ. ಆ ಕೆಲಸದಲ್ಲಿ ನನ್ನಷ್ಟು ಅನುಭವ ಇರುವವನು ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ!