ನಲವತ್ತು ಕೋರಿನ ಮಹಾರಥಿ

ನನ್ನ ಹೆಂಡತಿ ತನ್ನ ಲ್ಯಾಪ್‌ಟಾಪನ್ನು ನಂಬುವುದರಲ್ಲಿ ಕಾಲು ಭಾಗದಷ್ಟಾದರೂ ನನ್ನನ್ನು ನಂಬಿದ್ದರೆ ಈ ಅನರ್ಥ ಆಗುತ್ತಲೇ ಇರಲಿಲ್ಲ. ಆ ತೆಳ್ಳನೆಯ ತಗಡಿನ ಮುಂದೆ ಕೂತು ಅವಳು ಪುಸ್ತಕಗಳ ಪುಟವಿನ್ಯಾಸ ಮಾಡುತ್ತಾಳೆ. ನಾನಾದರೋ ಹದಿನಾರು ವರ್ಷಗಳಿಂದ ಕಚೇರಿಯ ಸರ್ವರ್ ಕೋಣೆಯ ಏಕಮೇವಾದ್ವಿತೀಯ ಪಾಲಕ. ಬೀರುವಿನಷ್ಟು ದೊಡ್ಡ ಯಂತ್ರಗಳನ್ನು ಪಳಗಿಸುವವನ ಮನೆಯಲ್ಲಿ ಲ್ಯಾಪ್‌ಟಾಪಿನ ದರ್ಬಾರು ನಡೆದರೆ ಹೊಟ್ಟೆ ಉರಿಯುವುದಿಲ್ಲವೇ? (ಉರಿಯಿತು.)

ಹಾಗಾಗಿ ಕಚೇರಿಯವರು ಹಳೆಯ ಸರ್ವರೊಂದನ್ನು ಎಸೆಯಲು ಹೊರಟಾಗ ಅದನ್ನು ಕೇಳಿ ಪಡೆದು, ಹೆಂಡತಿಯ ಮೇಜಿನ ಪಕ್ಕದಲ್ಲೇ ಪ್ರತಿಷ್ಠಾಪಿಸಿದೆ. ನಲವತ್ತು ಕೋರ್‌ಗಳ ಪ್ರೊಸೆಸರು! ಅಂದರೆ ಒಂದೇ ಪೆಟ್ಟಿಗೆಯಲ್ಲಿ ನಲವತ್ತು ಆಳುಗಳು. ಅವಳ ಲ್ಯಾಪ್‌ಟಾಪಿನಲ್ಲಿ ಎಂಟೇ ಎಂಟು. ಸರ್ವರಿನ ಫ್ಯಾನು ತಿರುಗಿದರೆ ಹಿಟ್ಟಿನ ಗಿರಣಿಯೊಳಗೆ ನಿಂತ ಹಾಗಾಗುತ್ತಿತ್ತು. ನಮ್ಮ ಜೊತೆಯಲ್ಲೇ ಇರುವ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೊದಲ ದಿನವೇ ಕಿವಿಗೆ ಹತ್ತಿ ಇಟ್ಟುಕೊಂಡರು.

ಆ ಶನಿವಾರ ಹೆಂಡತಿಯ ಎಂಟು ತಿಂಗಳ ದುಡಿಮೆಯ ಕೊನೆಯ ದಿನ. ಸಸ್ಯಗಳ ವಿಶ್ವಕೋಶದ ಸಾವಿರದ ಇನ್ನೂರು ಪುಟಗಳ ಮೊದಲ ಸಂಪುಟ. ಒಂದು ಗುಂಡಿ ಒತ್ತಿದರೆ ಯಂತ್ರವೇ ಎಲ್ಲ ಪುಟಗಳನ್ನೂ ಕಟ್ಟಿ ಮುದ್ರಣಕ್ಕೆ ಬೇಕಾದ ಫೈಲು ಮಾಡಿಕೊಡುತ್ತದೆ. ಅದು ಸಂಜೆ ಐದರೊಳಗೆ ಪ್ರೆಸ್ಸಿಗೆ ತಲುಪಬೇಕು. ತಪ್ಪಿದರೆ ಅಲ್ಲಿ ಪಠ್ಯಪುಸ್ತಕಗಳ ಕೆಲಸ ಶುರು; ಕೋಶ ಎರಡು ತಿಂಗಳು ಮೂಲೆಗೆ, ಮುಂದಿನ ಸಂಪುಟ ಬೇರೆ ಯಾರದೋ ಕೈಗೆ. ಎರಡು ಗಂಟೆಗೆ ಗುಂಡಿ ಒತ್ತಿ ಅವಳು ಸ್ನಾನಕ್ಕೆ ಹೋದಳು.

ನಾನು ಇಣುಕಿ ನೋಡಿದೆ. ಇಪ್ಪತ್ತೈದು ನಿಮಿಷಕ್ಕೆ ಬರೀ ಶೇಕಡಾ ಮೂವತ್ತು! ಕನಿಕರ ಉಕ್ಕಿ ಬಂತು. ಲ್ಯಾಪ್‌ಟಾಪಿನ ಕೆಲಸ ನಿಲ್ಲಿಸಿ, ಕೋಶವನ್ನು ಸರ್ವರಿಗೆ ಸಾಗಿಸಿ, ಮೊದಲಿನಿಂದ ಶುರು ಮಾಡಿಸಿದೆ. ಸರ್ವರಿಗೆ ಎರಡು ಪ್ಲಗ್ಗು ಬೇಕು, ಮೇಜಿನ ಕೆಳಗಿನ ಪ್ಲಗ್ಗಿನ ಪಟ್ಟಿಯಲ್ಲಿ ಒಂದೇ ಖಾಲಿ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಜಾಗ ಮಾಡಿಕೊಟ್ಟೆ.

ತಲೆ ಒರೆಸಿಕೊಳ್ಳುತ್ತಾ ಬಂದ ಹೆಂಡತಿ ಕಂಬದಂತೆ ನಿಂತಳು.

"ರೀ, ಏನ್ ಮಾಡಿದ್ರಿ?"

"ಉಪಕಾರ. ಹತ್ತೇ ನಿಮಿಷ, ನೋಡ್ತಾ ಇರು."

ಹತ್ತು ನಿಮಿಷಕ್ಕೆ ಶೇಕಡಾ ನಾಲ್ಕಾಯಿತು. "ಬಿಸಿ ಏರ್ಬೇಕು," ಎಂದೆ. ಅರ್ಧ ಗಂಟೆಗೆ ಹನ್ನೊಂದು. "ಈಗ ಓಡುತ್ತೆ," ಎಂದೆ. ಮೂರು ಇಪ್ಪತ್ತೈದಕ್ಕೆ ಇಪ್ಪತ್ತೆರಡು. ನಾನು ಪರದೆಯನ್ನು ಒರೆಸಿ ನೋಡಿದೆ.

ಅತ್ತೆ ಕನ್ನಡಕ ಏರಿಸಿ ಪರದೆ ನೋಡಿದರು. ಕೋರಿಗೊಂದರಂತೆ ಇದ್ದ ನಲವತ್ತು ಚೌಕಗಳಲ್ಲಿ ಒಂದು ಮಾತ್ರ ಕೆಂಪಾಗಿತ್ತು. "ಅಳಿಯಂದಿರೇ, ಇದ್ಯಾಕೆ ಒಂದೇ ಉರೀತಿದೆ?"

"ಕೆಲಸ ಮಾಡ್ತಿರೋದು ಅದೊಂದೇ, ಅತ್ತೆ. ಹಿಂದಿನ ಪುಟ ಎಲ್ಲಿ ಮುಗೀತು ಅಂತ ಗೊತ್ತಾಗದೆ ಮುಂದಿನದನ್ನ ಶುರು ಮಾಡೋಕಾಗಲ್ಲ. ಹಂಚಿಕೊಳ್ಳೋಕೆ ಬರದ ಕೆಲಸ ಇದು."

"ಉಳಿದ ಮೂವತ್ತೊಂಬತ್ತು?"

"ಸುಮ್ನೆ ಕೂತಿವೆ."

"ನಮ್ಮನೆ ಥರಾನೇ," ಎಂದರು ಅತ್ತೆ, ಮಗಳ ಕಡೆ ನೋಡುತ್ತಾ.

"ಲ್ಯಾಪ್‌ಟಾಪಲ್ಲೂ ಒಂದೇ ತಾನೇ ದುಡಿಯೋದು?" ಎಂದು ನಾನು ಬಾಯಿ ಬಿಡಬಾರದಿತ್ತು.

"ಹೌದು," ಎಂದಳು ಹೆಂಡತಿ. "ಆದ್ರೆ ನನ್ನಲ್ಲಿರೋ ಆ ಒಂದು ಹೊಸದು, ಚುರುಕು. ನಿಮ್ಮದು ಹತ್ತು ವರ್ಷದ ಮುದುಕ. ಒಂದೇ ಸಲ ನಲವತ್ತು ಜನ ಬಂದ್ರೆ ನಿಮ್ಮ ಪೆಟ್ಟಿಗೆ ನಲವತ್ತು ಬಾಗಿಲು ತೆಗೆಯುತ್ತೆ. ಇಲ್ಲಿ ಬಂದಿರೋದು ಒಬ್ಬಳೇ ರೀ, ನಾನು! ಹದಿನಾರು ವರ್ಷ ಸರ್ವರ್ ಕಾದೋರಿಗೆ ಇಷ್ಟೂ ಹೊಳೀಲಿಲ್ವಾ?"

ಹೊಳೆದಿತ್ತು. ಶೇಕಡಾ ಹನ್ನೊಂದರ ಹೊತ್ತಿಗೇ.

ಅವಳು ಲ್ಯಾಪ್‌ಟಾಪಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಲೆಕ್ಕ ಹಾಕಿದರೆ ನಾಲ್ಕು ಐವತ್ತಕ್ಕೆ ಮುಗಿಯಬೇಕು. ಪ್ರೆಸ್ಸಿನ ಯಜಮಾನರು ಎರಡು ಸಲ ಫೋನು ಮಾಡಿದರು. ನನಗೆ ನಾಚಿಕೆಯಾಯಿತು, ಆದರೂ ಸರ್ವರನ್ನು ಆರಿಸಲಿಲ್ಲ. ಬಿಸಿಯಿಂದಲೇ ಅದು ನಿಧಾನವಾಗಿರಬೇಕೆಂದು ಕೊನೆಯ ಆಸೆಯಿಂದ ನಡುಮನೆಯಲ್ಲಿದ್ದ ದೊಡ್ಡ ಏರ್ ಕೂಲರನ್ನು ಎಳೆದು ತಂದು, ಅದೇ ಪ್ಲಗ್ಗಿನ ಪಟ್ಟಿಯಿಂದ ಮೇಜಿನ ದೀಪ ಕಿತ್ತು ಅದರ ಜಾಗಕ್ಕೆ ಸಿಕ್ಕಿಸಿದೆ.

ಟಪ್! ಮನೆಯ ಫ್ಯೂಸೇ ಹೋಯಿತು. ಗಿರಣಿ ನಿಂತಿತು. ಆ ನಿಶ್ಶಬ್ದದಲ್ಲಿ ಅತ್ತೆ ಕಿವಿಯ ಹತ್ತಿ ತೆಗೆದು, "ಹೋಯ್ತಾ? ಒಳ್ಳೇದಾಯ್ತು," ಎಂದರು.

ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು. ಪುಟಗಳು ಶೇಕಡಾ ಅರವತ್ತೈದು, ಬ್ಯಾಟರಿ ಹದಿನಾಲ್ಕು.

"ಚಾರ್ಜರ್ ಕಿತ್ತೋರು ಯಾರು?" ಎಂದಳು ಹೆಂಡತಿ, ಬಹಳ ಮೆತ್ತಗೆ. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಫ್ಯೂಸು ಹಾಕಲು ಹೋಗಿ ತಂತಿ ಸಿಗದೆ ವಾಪಸಾದೆ. ಮೂವರೂ ಪರದೆ ನೋಡಿದೆವು. ಎಂಬತ್ತು, ಏಳು. ತೊಂಬತ್ತೊಂದು, ನಾಲ್ಕು. ತೊಂಬತ್ತೆಂಟು, ಎರಡು. ಅತ್ತೆ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದರು. (ಪ್ರೀತಿಯಿಂದಲ್ಲ, ನಾನು ಇನ್ನೇನನ್ನೂ ಮುಟ್ಟದಿರಲಿ ಎಂದು.) ನಾಲ್ಕು ಐವತ್ತೊಂದಕ್ಕೆ ಫೈಲು ಸಿದ್ಧವಾಯಿತು.

"ಕರೆಂಟಿಲ್ಲ, ಇಂಟರ್ನೆಟ್ಟೂ ಇಲ್ಲ!" ಎಂದು ನಾನು ತಲೆ ಮೇಲೆ ಕೈ ಹೊತ್ತೆ. ಹೆಂಡತಿ ಒಂದು ಕ್ಷಣ ನನ್ನ ಮುಖ ನೋಡಿದಳು. ಡ್ರಾಯರಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಅಂಗೈಗೆ ಒತ್ತಿದಳು. "ಓಡ್ರೀ!"

ಓಡಿದೆ. ನಾಲ್ಕು ಬೀದಿ, ಒಂದು ಸೇತುವೆ, ಬಚ್ಚಲಿನ ಚಪ್ಪಲಿಯಲ್ಲಿ. ಐದಕ್ಕೆ ಅರ್ಧ ನಿಮಿಷವಿದೆ ಎನ್ನುವಾಗ ಪ್ರೆಸ್ಸಿನ ಮೇಜಿನ ಮೇಲೆ ಪೆನ್‌ಡ್ರೈವ್ ಇಟ್ಟು ಕುಸಿದೆ. ಪ್ರಾಯಶ್ಚಿತ್ತವಾಯಿತೆಂದು ಕಣ್ಣು ತುಂಬಿತು.

ಯಜಮಾನರು ಅದನ್ನು ಮುಟ್ಟಲೂ ಇಲ್ಲ. "ಫೈಲು ಆಗಲೇ ಬಂತಲ್ಲ ಸಾರ್. ಮೇಡಂ ಮೊಬೈಲಿಂದ ಇಂಟರ್ನೆಟ್ ತಗೊಂಡು ಕಳಿಸಿದ್ರು. ಇದು ಖಾಲಿ ಇರುತ್ತೆ ಅಂತಾನೂ ಹೇಳಿದ್ರು. ಕೂತ್ಕೊಳ್ಳಿ, ಟೀ ಕುಡೀರಿ. ನಿಮ್ಮನ್ನ ಆರು ಗಂಟೆ ತನಕ ಬಿಡಬೇಡಿ ಅಂದಿದ್ದಾರೆ."

"ಆರು ಗಂಟೆ ತನಕ ಯಾಕೆ?"

"ಗುಜರಿಯವನು ಗಾಡಿ ತರೋಕೆ ಅಷ್ಟೊತ್ತು ಬೇಕಂತೆ."