ಹೊಸ್ತಿಲಾಚೆಯ ವಿದೇಶ

ದೇಶೀ ಬೀಗೋದ್ಯಮವನ್ನು ಉಳಿಸುವ ಸಲುವಾಗಿ, ದೇಶದ ಕೊನೆಯ ಬೀಗ ತಯಾರಕನ ಅಂಗಡಿಯನ್ನು ಸೋಮವಾರದಿಂದ ಜಾರಿಗೆ ಬರುವಂತೆ ವಿದೇಶವೆಂದು ಘೋಷಿಸಲಾಗಿದೆ.

ಕಾರಣ ಸರಳ. ಮುಕ್ತ ವ್ಯಾಪಾರ ಒಪ್ಪಂದದ ಪ್ರಕಾರ ಹೊರಗಿನಿಂದ ಬಂದ ಬೀಗಕ್ಕೆ ತೆರಿಗೆ ಇಲ್ಲ, ಇಲ್ಲಿಯದಕ್ಕೆ ಉಂಟು. ಹಡಗಿನಲ್ಲಿ ಬಂದ ಬೀಗ ಅರ್ಧ ಬೆಲೆಗೆ ಸಿಗತೊಡಗಿ, ಬೀಗದವನು ಅಂಗಡಿ ಮುಚ್ಚುವುದೊಂದೇ ಬಾಕಿಯಿತ್ತು. ತೆರಿಗೆ ಬಿಟ್ಟರೆ ಖಜಾನೆಗೆ ನಷ್ಟ, ಒಪ್ಪಂದ ಬಿಟ್ಟರೆ ಮರ್ಯಾದೆಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸುಂಕದ ಅಧಿಕಾರಿಗಳು ಖುದ್ದಾಗಿ ಬಣ್ಣದ ಡಬ್ಬಿ ಹಿಡಿದು ಬಂದರು. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಬೀದಿಬಾಗಿಲಿಗೊಂದು, ನಡುವಿನ ಹೊಸ್ತಿಲಿಗೊಂದು ಬಿಳಿ ಗೆರೆ ಎಳೆದರು. ಇಂಥ ತಲೆ ಇಲಾಖೆಗೆ ದಿನಾ ಸಿಗುವುದಿಲ್ಲ.

ವ್ಯಾಪಾರ ಕುದುರಿತು. ನಿನ್ನೆಯವರೆಗೆ ಮೂಗು ಮುರಿಯುತ್ತಿದ್ದ ಪಕ್ಕದ ಮನೆಯ ದರ್ಜಿ ಅದೇ ಬೀಗವನ್ನು ಅಂಗೈಯಲ್ಲಿ ತೂಗಿ, "ಫಾರಿನ್ ಮಾಲು ಅಂದ್ರೆ ಇದಪ್ಪ!" ಎಂದ.

ಮಧ್ಯಾಹ್ನ ಬೀಗದವನ ಹೆಂಡತಿ ನಡುವಿನ ಗೆರೆಯ ಮೇಲಿಂದ ಗಂಡನಿಗೆ ಊಟ ದಾಟಿಸಿದಳು. ಅದು ರಫ್ತು ಎಂದು ಅಧಿಕಾರಿಗಳು ಪ್ರೋತ್ಸಾಹಧನ ಕೊಟ್ಟರು. ಸಂಜೆ ಗಂಡ ಮನೆಗೆ ಹೊರಟಾಗ ಮಾತ್ರ ಕೈ ಅಡ್ಡ ಹಿಡಿದರು.

"ಒಪ್ಪಂದ ಇರೋದು ಸರಕಿಗಮ್ಮ. ಮನುಷ್ಯರು ಬರೋ ಹಾಗಿಲ್ಲ."

"ಹಾಗಾದ್ರೆ ಇವರು ಮಲಗೋದೆಲ್ಲಿ ಸ್ವಾಮಿ?"

"ಅವರ ದೇಶದಲ್ಲಿ."

ಬೀಗದವನು ಅರಗಳ ನಡುವೆ ಚಾಪೆ ಹಾಸಿದ. ಮಗಳು ಗೆರೆಯ ಈಚೆ ಕೂತು ಕಥೆ ಕೇಳಿದಳು. ಕಥೆ ಸೇವಾವಲಯಕ್ಕೆ ಸೇರುವುದರಿಂದ ಅಡ್ಡಿಯಿರಲಿಲ್ಲ. ಅಪ್ಪನ ಮಡಿಲಿಗೆ ಅವಕಾಶವಿಲ್ಲ ಎಂದಾಗ ಮಗು ಅತ್ತಿತು, ಅಪ್ಪನೂ ಅತ್ತ. ಅಂಗಡಿಯನ್ನು ಮತ್ತೆ ಸ್ವದೇಶ ಮಾಡಿದರೆ ಹೊಟ್ಟೆಗಿಲ್ಲ, ಮಾಡದಿದ್ದರೆ ಮನೆಯಿಲ್ಲ.

ವಾರ ಕಳೆಯುವಷ್ಟರಲ್ಲಿ ಹೆಂಡತಿಯ ತಾಳ್ಮೆ ಮುಗಿಯಿತು. "ಸರಕು ಬರಬಹುದು ತಾನೇ? ಇವರನ್ನೂ ಸರಕು ಅಂತಲೇ ಬರ್ಕೊಳ್ಳಿ."

ಅಧಿಕಾರಿಗಳು ಮೆಚ್ಚಿ ತಲೆದೂಗಿದರು. ಬೀಗದವನ ಮಂಡಿ ಬಗ್ಗಿಸಿ, ಹಲ್ಲು ನೋಡಿ, 'ಬಳಸಿದ ಸರಕು' ಎಂದು ವರ್ಗೀಕರಿಸಿದರು. ಆಮದಿನಿಂದ ದೇಶೀ ಗಂಡಂದಿರಿಗೆ ಪೈಪೋಟಿ ಆಗದೆಂದು ಯಾರಾದರೂ ದೃಢೀಕರಿಸಬೇಕಿತ್ತು. ಬೀಗದವನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ದರ್ಜಿ ತಕ್ಷಣ ಸಹಿ ಹಾಕಿದ.

ಬೀಗದ ಆಮದು ದಾಖಲೆ ಮಟ್ಟಕ್ಕೇರಿದ್ದರಿಂದ ದೇಶೀ ಬೀಗೋದ್ಯಮ ಸುರಕ್ಷಿತವಾಗಿದೆ ಎಂದು ಇಲಾಖೆ ಪ್ರಕಟಿಸಿತು. ಅದನ್ನು ಕೇಳಿ ದರ್ಜಿ, ಚಮ್ಮಾರ, ಬಡಗಿ ಎಲ್ಲರೂ ತಮ್ಮ ಅಂಗಡಿಗಳನ್ನೂ ವಿದೇಶ ಮಾಡಿಸಿಕೊಂಡರು. ಈಗ ನಮ್ಮ ಬೀದಿಯಲ್ಲಿ ದೇಶವೆಂದು ಉಳಿದಿರುವುದು ಅಡುಗೆಮನೆಗಳು ಮಾತ್ರ. ಸಂಜೆಯಾದರೆ ಗಂಡಸರು ತಂತಮ್ಮ ಹೊಸ್ತಿಲಲ್ಲಿ ಸುಂಕದ ಮುದ್ರೆಗೆ ತೋಳು ಚಾಚಿ ನಿಲ್ಲುತ್ತಾರೆ, ಮಕ್ಕಳು ರಸೀದಿಗೆ ಹೆಬ್ಬೆಟ್ಟು ಒತ್ತಿ ಅಪ್ಪನನ್ನು ಬಿಡಿಸಿಕೊಂಡು ಒಳಗೆ ಹೋಗುತ್ತವೆ.